ಬೆಳೆ ಸಮೀಕ್ಷೆಗೆ ಹೋದ ದಿನ

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿದ ಮೇಲೂ ಕೆಲವು ತಿಂಗಳು ನಾನು ಧಾರವಾಡದ ಸಪ್ತಾಪುರದಲ್ಲೇ ರೂಮು ಮಾಡಿಕೊಂಡಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅದೊಂದು ಊರೇ ಸರಿ. ಬೆಳಿಗ್ಗೆ ರೀಡಿಂಗ್ ರೂಮಿಗೆ ಹೋಗಿ ಕೂತರೆ ರಾತ್ರಿ ಏಳುವುದು. ಪಕ್ಕದ ಕುರ್ಚಿಗಳಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದವರಿದ್ದರು. 2021ರ ಅಕ್ಟೋಬರಿನಲ್ಲಿ ಬರೆದ ಪರೀಕ್ಷೆ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಅವರು ಹೇಗೆ ತಡೆದುಕೊಂಡರೋ ಎಂದು ಈಗಲೂ ಅನ್ನಿಸುತ್ತದೆ.

ಬಾಡಿಗೆ ಕಟ್ಟುವುದು ಭಾರವಾದಾಗ ನವಲಗುಂದ ಕಡೆಯ ನಮ್ಮೂರಿಗೆ ಬಂದೆ. ನಿರುದ್ಯೋಗಿ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿಯ ತಿಂಗಳಿಗೆ 3000 ರೂಪಾಯಿ ಬರುತ್ತಿತ್ತು. ಅರ್ಜಿ ಶುಲ್ಕಕ್ಕೆ, ಬಸ್ಸಿನ ಖರ್ಚಿಗೆ ಅದು ನಿಜವಾಗಿಯೂ ಆಸರೆಯಾಯಿತು. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ಮುಂದೇನು ಮಾಡಾಂವ?" ಎಂಬ ಪ್ರಶ್ನೆ ಎಲ್ಲಿ ಎದುರಾಗುತ್ತದೋ ಎಂದು, ಬಸ್ ಸ್ಟ್ಯಾಂಡಿನ ಹತ್ತಿರ ಮಂದಿ ಕಡಿಮೆಯಾದ ಮೇಲೆಯೇ ಮನೆಯಿಂದ ಹೊರಬೀಳುತ್ತಿದ್ದೆ. ಓದಲು ಕೂತರೆ ಅದೇ ಪುಟ, ಅದೇ ಸಾಲು.

ಮುಂಗಾರು ಬೆಳೆ ಸಮೀಕ್ಷೆಗೆ ಹುಡುಗರು ಬೇಕಾಗಿದ್ದಾರೆ ಎಂದು ಊರಿನ ಕಂದಾಯ ಕೆಲಸ ನೋಡುವ ತಲಾಟಿಯವರು ಅಪ್ಪನ ಹತ್ತಿರ ಹೇಳಿದ್ದು ಆಗ. ಈ ಕೆಲಸ ಮಾಡುವ ಊರಿನ ಹುಡುಗರಿಗೆ 'ಪಿಆರ್' (ಪ್ರೈವೇಟ್ ರೆಸಿಡೆಂಟ್) ಅನ್ನುತ್ತಾರೆ. ಮೊಬೈಲ್ ಹಿಡಿದುಕೊಂಡು ಪ್ರತಿ ಸರ್ವೆ ನಂಬರಿಗೂ, ಹಿಸ್ಸಾಕ್ಕೂ ಹೋಗಬೇಕು. ಹೊಲದೊಳಗೆ ನಿಂತೇ ಬೆಳೆಯ ಹೆಸರು, ಮಳೆಯಾಶ್ರಿತವೋ ನೀರಾವರಿಯೋ ಎಂದು ತುಂಬಿ, ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ದುಡ್ಡು ತಾಕಿನ ಲೆಕ್ಕದಲ್ಲಿ. ಮೊದಲು ಮನಸ್ಸಿರಲಿಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ, ಚಪ್ಪಲಿ ಬ್ಯಾಡ, ಎರಿ ಹತ್ತತೈತಿ ಎಂದಷ್ಟೇ ಹೇಳಿದರು.

ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಮಣ್ಣು ಹಸಿಯಾದರೆ ನಡೆಯುವುದು ಎಷ್ಟು ಕಷ್ಟ ಎಂಬುದು ಆ ಸೀಮೆಯವರಿಗೇ ಗೊತ್ತು. ಪ್ರತಿ ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ ಪಾದ ದಪ್ಪವಾಗುತ್ತದೆ, ಬದುವಿನ ಕಲ್ಲಿಗೆ ಕೆರೆದುಕೊಂಡು ಮುಂದೆ ಹೋಗಬೇಕು. ಹೆಸರು ಬೆಳೆ ಕಾಯಿ ಕಟ್ಟುವ ಹೊತ್ತು. ಒಂದು ಹೊಲದಲ್ಲಿ ಫೋಟೊ ತೆಗೆಯುತ್ತಿದ್ದಾಗ ಹಿಂದಿನಿಂದ ಕೂಗು ಬಂತು.

"ಯಾರ ಮಗಾಪಾ ನೀ? ಏನ್ ಹಿಡ್ಯಾಕತ್ತೀ ಅದರಾಗ?"

ಅಪ್ಪನ ಹೆಸರು ಹೇಳಿದೆ, ಕೆಲಸವನ್ನೂ ಹೇಳಿದೆ. ಅಜ್ಜ ಹತ್ತಿರ ಬಂದು ನಿಂತರು. "ಹ್ವಾದ ವರ್ಷ ಹೆಸರs ಬಿತ್ತಿದ್ನಿ ತಮ್ಮಾ. ಕಾಗದದಾಗ ಗೋವಿನಜೋಳ ಅಂತ ಬಂದೈತಿ. ವಿಮಾ ತುಂಬಿದ್ದು ಹೆಸರಿಗೆ. ಒಂದ್ ರೂಪಾಯಿನೂ ಬರಲಿಲ್ಲ."

ಫಸಲ್ ಬಿಮಾ ಯೋಜನೆಯ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. 2016ರಲ್ಲಿ ಶುರುವಾದದ್ದು, ಮುಂಗಾರಿನ ಆಹಾರ ಬೆಳೆಗಳಿಗೆ ರೈತನ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಹೊಂದದಿದ್ದರೆ ಪರಿಹಾರದ ಅರ್ಜಿ ತಿರಸ್ಕೃತವಾಗುತ್ತದೆ ಎಂಬುದು ಗೊತ್ತಿತ್ತು. ಅದರ ಪೆಟ್ಟು ತಿಂದ ಮನುಷ್ಯನ ಎದುರು ನಿಂತದ್ದು ಅದೇ ಮೊದಲು.

ಅವರ ಹೊಲದಲ್ಲಿ ಹೆಸರಿನ ನಡುವೆ ತೊಗರಿಯ ಅಕ್ಕಡಿ ಸಾಲುಗಳಿದ್ದವು. ದೂರದಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಎರಡೂ ಕಾಣುವ ಹಾಗೆ ಬಗ್ಗಿ ಫೋಟೊ ತೆಗೆದು, ಮಿಶ್ರ ಬೆಳೆ ಎಂದು ತುಂಬಿ, ಪರದೆಯ ಮೇಲಿದ್ದುದನ್ನು ಅವರಿಗೆ ಓದಿ ಹೇಳಿದೆ. ಅವರು ಕನ್ನಡಕ ಏರಿಸಿ ಮತ್ತೊಮ್ಮೆ ಓದಿಸಿದರು. ಆಮೇಲೆ ಆಚೆ ಹೊಲದವರನ್ನೆಲ್ಲ ಕರೆದರು. ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಲೆ ಬಿಚ್ಚಿಕೊಂಡು ಕೂತೆವು. ಒಬ್ಬರು ಕಂತು ತುಂಬಿದ ರಸೀದಿ ತೋರಿಸಿದರು, ಇನ್ನೊಬ್ಬ ಅಕ್ಕ ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬದಲಾಗದ್ದನ್ನು ಹೇಳಿದರು. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ತಲಾಟಿಯವರಿಗೆ ಕೇಳಲು ಬರೆದುಕೊಂಡೆ. ಆ ಮಧ್ಯಾಹ್ನ ನನ್ನನ್ನು 'ಮುಂದೇನು' ಎಂದು ಯಾರೂ ಕೇಳಲಿಲ್ಲ. ಅವರು ಕೇಳಿದ್ದಕ್ಕೆಲ್ಲ ನಾನು ಓದಿದ್ದು ಬೇಕಾಗಿತ್ತು.

ಆ ರಾತ್ರಿ ಗಾಢ ನಿದ್ದೆ ಬಂತು. ಸಮೀಕ್ಷೆ ನೌಕರಿಯಲ್ಲ, ಹಂಗಾಮು ಮುಗಿದರೆ ಅದೂ ಮುಗಿಯುತ್ತದೆ. ಆದರೂ ಡಿಗ್ರಿ ಮುಗಿಸಿ ರೀಡಿಂಗ್ ರೂಮಿನಲ್ಲಿ ಫಲಿತಾಂಶವೊಂದನ್ನೇ ಕಾಯುತ್ತ ಕೂತವರ ಬಗ್ಗೆ ನನಗೆ ಕಳವಳವಿದೆ. ಅಲ್ಲಿ ವರ್ಷಗಟ್ಟಲೆ ಯಾವ ಕೆಲಸವೂ ಪೂರ್ತಿಯಾಗುವುದಿಲ್ಲ. ಹೊಲದಲ್ಲಿ ಸಂಜೆಯ ಹೊತ್ತಿಗೆ ಬಾಕಿ ಉಳಿದ ಸರ್ವೆ ನಂಬರುಗಳು ಎಷ್ಟೆಂದು ಹೇಳಬಹುದಿತ್ತು. ಅಷ್ಟು ಸಣ್ಣ ಲೆಕ್ಕ ಸಿಕ್ಕಿದ ಮೇಲೆ ಪುಸ್ತಕದ ಪುಟಗಳೂ ಮುಂದೆ ಸರಿದವು.

ಹಿಂಗಾರಿಗೆ ಕಡಲೆ, ಬಿಳಿಜೋಳದ ಸಮೀಕ್ಷೆ ಶುರುವಾದಾಗ ತಲಾಟಿಯವರು ಮತ್ತೆ ಫೋನ್ ಮಾಡಿದರು. "ಮುಂಜಾನೆ ಅಷ್ಟs ಬರ್ತೀನ್ರಿ ಸರ್, ಮಧ್ಯಾಹ್ನ ಕೆ-ಸೆಟ್‌ಗೆ ಓದೋದೈತಿ" ಅಂದೆ. ಕೆ-ಸೆಟ್ ಅಂದರೆ ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಮ್ಮ ಓಣಿಯ ತಂಗಿಯೊಬ್ಬಳ ಹೆಸರನ್ನೂ ಕೊಟ್ಟೆ. ಮಧ್ಯಾಹ್ನದ ಹೊಲಗಳು ಅವಳ ಪಾಲಿಗೆ ಹೋದವು.