ಕೆಂಪು ಮರಿಗಳ ಉಂಡೆ

ಇಂದು ಬೆಳಿಗ್ಗೆ ಸಾಗರ ಪಟ್ಟಣದ ಹತ್ತಿರದ ಕೆರೆಯೊಂದರಲ್ಲಿ, ತಾವರೆ ಎಲೆಗಳ ನಡುವೆ ಮೀನು ಹಿಡಿಯುವ ಗಾಳದ ರಬ್ಬರ್ ಕಪ್ಪೆಯನ್ನು ಎಸೆದು ಮೆಲ್ಲಗೆ ಎಳೆಯುತ್ತಿದ್ದೆ. ಅದರ ಎರಡೂ ಕೊಕ್ಕೆಗಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವುದರಿಂದ ಜೊಂಡಿನಲ್ಲಿ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಮುರ್ರೆಲ್, ಅಂದರೆ ಹಾವಿನಂಥ ತಲೆಯ ಬೇಟೆಗಾರ ಮೀನು, ಕಚ್ಚಿ ಅದುಮಿದಾಗ ಮೊನೆ ಹೊರಬರುತ್ತದೆ. ನೀರು ಸಿಡಿದ ಕೂಡಲೇ ಕೋಲೆತ್ತಬಾರದು, ದಾರ ಬಿಗಿಯಾಗುವವರೆಗೆ ಒಂದು ಉಸಿರಿನಷ್ಟು ಕಾಯಬೇಕು.

ಎರಡನೆಯ ಎಸೆತಕ್ಕೆ ಮೊದಲೇ, ಎಲೆಗಳ ಸಂದಿಯಲ್ಲಿ ಮಳೆಹನಿ ಬಿದ್ದಂತೆ ನೀರು ಪುಟಪುಟನೆ ಕದಲಿತು. ನೋಡಿದರೆ, ಹೆಬ್ಬೆರಳಿನ ಉಗುರಿನಷ್ಟು ಉದ್ದದ ನೂರಾರು ಕೆಂಪು ಮರಿಗಳು ಉಂಡೆಯಾಗಿ ಮೇಲೆದ್ದು, ಗಾಳಿ ಗುಟುಕರಿಸಿ ಮುಳುಗುತ್ತಿದ್ದವು. ಅವುಗಳ ಕೆಳಗೆ ಕಪ್ಪು ನೆರಳೊಂದು ಕದಲದೆ ನಿಂತಿತ್ತು.

ಹೀಗೆ ತನ್ನ ಮರಿಗಳಿಗೆ ಕಾವಲಿರುವ ಮುರ್ರೆಲ್ ಕಪ್ಪೆಗೆ ಬಾಯಿ ಹಾಕುವುದು ಹಸಿವಿನಿಂದಲ್ಲ, ಮರಿಗಳ ಮೇಲೆ ಬಂದದ್ದನ್ನು ಓಡಿಸುವುದಕ್ಕೆ. ಅದನ್ನು ಎಳೆದುಕೊಂಡರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಸುಲಭದ ಬೇಟೆಯೆಂದು ಇಂತಹ ಉಂಡೆಗಳನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ, ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ದಾರ ಸುತ್ತಿಕೊಂಡು ಏರಿಯ ಮೇಲೆ ಕುಳಿತೆ. ಮರಿಗಳು ಮತ್ತೆ ಮೇಲೆದ್ದವು, ಈ ಬಾರಿ ಎರಡು ಮಾರು ಆಚೆಗೆ.