ತೊರಕೆಯ ಮುಳ್ಳು

22 ಸೆಪ್ಟೆಂಬರ್ 2024, ಭಾನುವಾರ

ಬೆಳಿಗ್ಗೆ ಕೈರಂಪಣಿ (ದಡದಿಂದ ಹಗ್ಗ ಹಿಡಿದು ಎಳೆಯುವ ಬಲೆ) ಎಳೆಯಲು ಹೋದ ಮಾವ ಮೊಣಕಾಲು ನೀರಿನಲ್ಲಿ ತೊರಕೆ ಮೇಲೆ ಕಾಲಿಟ್ಟಿದ್ದಾರೆ. ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು ಅದು, ಮುಳ್ಳು ಕಾಲಿಗೆ ಚುಚ್ಚಿದೆ. ಇಬ್ಬರು ಹೆಗಲು ಕೊಟ್ಟು ಮನೆಗೆ ಕರೆತಂದರು. ಅಷ್ಟು ಗಟ್ಟಿ ಮನುಷ್ಯ ಹಲ್ಲು ಕಚ್ಚಿ ನಡುಗುತ್ತಿದ್ದರು. ನೋಡಲು ಆಗಲಿಲ್ಲ ನನಗೆ.

ಬಕೆಟ್‌ಗೆ ಬಿಸಿನೀರು ತುಂಬಿ ಕಾಲಿಡಿಸಿದೆ. ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ. ನೀರು ಆರಿದ ಹಾಗೆ ನೋವು ಏರುತ್ತಿತ್ತು, ಮತ್ತೆ ಬಿಸಿ ಸೇರಿಸುವುದು. ಪ್ರತಿ ಸಲ ನನ್ನ ಕೈ ಅದ್ದಿ ನೋಡುತ್ತಿದ್ದೆ. ಅಂಥ ನೋವಿನಲ್ಲಿ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ ಅಲ್ವಾ? ಆಮೇಲೆ ಡಾಕ್ಟರ್ ಹತ್ತಿರ ಹೋಗಿ ಮುರಿದ ಮುಳ್ಳು ತೆಗೆಸಿ, ಟಿಟಿ ಇಂಜೆಕ್ಷನ್ ಆಯಿತು.

ಆ ತುಂಡನ್ನು ಮಾವ ಬಾಟಲಿ ಮುಚ್ಚಳದಲ್ಲಿ ಇಟ್ಟುಕೊಂಡಿದ್ದಾರೆ. ಎರಡೂ ಅಂಚಿಗೆ ಗರಗಸದ ಹಾಗೆ ಹಲ್ಲು, ಎಲ್ಲ ಹಿಂದಕ್ಕೆ ಬಾಗಿವೆ. ಒಳಗೆ ಹೋಗುವುದು ಸಲೀಸು, ಹೊರಗೆ ಬರುವಾಗ ಮಾಂಸ ಹರಿದುಕೊಂಡೇ ಬರುತ್ತದೆ. ವಿಷ ಇರುವುದು ಮುಳ್ಳನ್ನು ಸುತ್ತಿದ ತೆಳು ಚರ್ಮದಲ್ಲಿ.

"ಆ ಮೀನಿನ ಮೇಲೆ ಸಿಟ್ಟು ಬರುವುದಿಲ್ವಾ ಮಾವ?"

"ಎಂತಕ್ಕೆ ಸಿಟ್ಟು? ಅದು ಅದರಷ್ಟಕ್ಕೆ ಮಲಗಿತ್ತು. ನಾನು ಬೆನ್ನು ತುಳಿದೆ. ಅದು ಎಂತ ಮಾಡಬೇಕು ಹೇಳು?"

ಹೊಯಿಗೆ (ಮರಳು) ಮೈಮೇಲೆ ಎಳೆದುಕೊಂಡು ಮಲಗುತ್ತದಂತೆ, ಕಣ್ಣು ಮಾತ್ರ ಹೊರಗೆ. ಬಾಯಿ ಇರುವುದು ಅಡಿಯಲ್ಲಿ. ಅದಕ್ಕೇ ಕಣ್ಣಿನ ಹಿಂದಿನ ತೂತಿನಿಂದ ನೀರು ಎಳೆದು ಉಸಿರಾಡುತ್ತದೆ. ಹೊಯಿಗೆಯೊಳಗಿನ ಏಡಿ, ಸಿಗಡಿಗಳ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತೂ ಅದಕ್ಕೆ ತಿಳಿಯುತ್ತದೆ. ಇಷ್ಟೆಲ್ಲ ತಿಳಿಯುವ ಜೀವ, ಮನುಷ್ಯರ ತಂಟೆಗೆ ಮಾತ್ರ ಬರುವುದಿಲ್ಲ. ಕಾಲು ಎತ್ತಿಡದೆ ಎಳೆದುಕೊಂಡು ನಡೆದರೆ ಹೊಯಿಗೆ ಅಲುಗಿದ್ದು ಗೊತ್ತಾಗಿ ಅದೇ ಸರಿದು ಹೋಗುತ್ತದೆ. ಮಾವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಹಗ್ಗ ಎಳೆಯುವಾಗ ಹಿಮ್ಮಡಿ ಊರಲೇಬೇಕು.

ಸಂಜೆ ಮುಂಬೈಯಿಂದ ದೊಡ್ಡಕ್ಕನ ಫೋನ್. ಅವಳಿಗೆ 2013ರ ಚೌತಿ ನೆನಪಾಯಿತು. ಗಣಪತಿ ಬಿಡಲು ಗಿರ್‌ಗಾಂವ್ ಚೌಪಾಟಿಯಲ್ಲಿ ನೀರಿಗಿಳಿದ ಹತ್ತಾರು ಜನರಿಗೆ ತೊರಕೆ ಚುಚ್ಚಿ ಆಸ್ಪತ್ರೆ ಸೇರಿದ್ದರು. ದಸರಾ ರಜೆಗೆ ಅವಳ ಮಕ್ಕಳು ಇಲ್ಲಿಗೇ ಬರುವುದು, ಬಂದವರು ಚೀಲ ಇಟ್ಟ ಕೂಡಲೇ ಕಡಲಿಗೆ ಓಡುವುದು. ಕಾಲೆಳೆದು ನಡೆಯಿರಿ ಅಂದರೆ ಆ ವಯಸ್ಸಿನವರು ಕೇಳುತ್ತಾರಾ?

ಗಾಯ ಒಣಗುವವರೆಗೆ ಉಪ್ಪುನೀರು ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಮಾವ ನೋಡಿದರೆ, ನಾಡಿದ್ದು ಬಲೆ ಎಳೆಯಲು ಎಷ್ಟು ಜನ ಇದ್ದಾರೆ ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದಾರೆ. ಇವರಿಗೆ ನಾನು ಹೇಳಿದರೆ ನಾಟುವುದಿಲ್ಲ, ಅತ್ತೆಯಿಂದಲೇ ಒಂದು ಮಾತು ಹೇಳಿಸಿದರೆ ಏನಾದರೂ…