ದೂರು ಸರಿ, ಕಾರಣ ತಪ್ಪು

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗಲು ಆರಂಭಿಸಿ ಎರಡು ದಶಕಗಳ ಮೇಲಾಯಿತು. ನಮ್ಮ ಜನ ಅವುಗಳನ್ನು ‘ಫ್ಯಾನು’ ಎಂದೇ ಕರೆಯುತ್ತಾರೆ. ಈ ಫ್ಯಾನುಗಳು ಬಂದ ಮೇಲೆ ಮಳೆ ಹೋಯಿತು, ರೆಕ್ಕೆಗಳ ಬೀಸಿಗೆ ಮೋಡಗಳು ಇಲ್ಲಿ ನಿಲ್ಲದೆ ಆಂಧ್ರದ ಕಡೆಗೆ ಸರಿದುಬಿಡುತ್ತವೆ ಎಂಬ ಮಾತನ್ನು ನಾನು ಹೊಲದ ಬದುವಿನ ಮೇಲೂ ಕೇಳಿದ್ದೇನೆ, ಪದವೀಧರರೇ ತುಂಬಿದ್ದ ಮದುವೆಯ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ, ಶಕ್ತಿಯ ಆಕರಗಳ ಪಾಠ ಬಂದಾಗ ಹಿಂದಿನ ಬೆಂಚಿನಿಂದ ಏಳುವ ಪ್ರಶ್ನೆ ಮೊದಲೇ ಗೊತ್ತಿರುತ್ತದೆ: “ಸಾರ್, ಫ್ಯಾನು ನಿಲ್ಲಿಸಿದರೆ ಮಳೆ ಬರುತ್ತಾ?”

ಬರುವುದಿಲ್ಲ. ಗಾಳಿಯಂತ್ರದ ರೆಕ್ಕೆಯ ತುದಿ ನೆಲದಿಂದ ನೂರು, ನೂರೈವತ್ತು ಮೀಟರ್ ಎತ್ತರಕ್ಕೆ ಹೋಗಬಹುದು. ಮಳೆ ಸುರಿಸುವ ಮೋಡದ ತಳವೇ ಸಾಮಾನ್ಯವಾಗಿ ಅದಕ್ಕಿಂತ ಹಲವು ಪಟ್ಟು ಮೇಲಿರುತ್ತದೆ, ಅದರ ತಲೆಯಂತೂ ಹತ್ತು ಕಿಲೋಮೀಟರ್ ದಾಟುವುದುಂಟು. ಯಂತ್ರಗಳು ನೆಲಕ್ಕೆ ಹತ್ತಿರದ ಗಾಳಿಯನ್ನು ಕಲಕುತ್ತವೆ, ಅದರಿಂದ ರಾತ್ರಿಯ ಹೊತ್ತು ಆಸುಪಾಸಿನ ನೆಲದ ಉಷ್ಣತೆಯಲ್ಲಿ ಸಣ್ಣ ವ್ಯತ್ಯಾಸವೂ ಕಾಣಬಹುದು. ಆದರೆ ಅರಬ್ಬೀ ಸಮುದ್ರದಿಂದ ಹೊರಟು ಬರುವ ಮುಂಗಾರಿನ ಮೋಡವನ್ನು ಅಟ್ಟುವ ಬಲ ಅವುಗಳಿಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಕಾರಣ ಮತ್ತು ಪರಿಣಾಮಗಳ ಕ್ರಮ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅಲ್ಲಿಂದ ಇನ್ನೂರು ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ 500ರ ಆಸುಪಾಸಿಗೆ ಇಳಿಯುತ್ತದೆ. ಘಟ್ಟವನ್ನು ಏರುವಾಗಲೇ ತನ್ನ ನೀರನ್ನು ಸುರಿಸಿ ಹಗುರಾದ ಗಾಳಿ, ಈಚೆಗೆ ಇಳಿಯುತ್ತ ಬಿಸಿಯೇರಿ ಒಣಗಿ, ಆಷಾಢದಲ್ಲಿ ನಮ್ಮ ಬಯಲಿನ ಮೇಲೆ ರಭಸದಿಂದ ಬೀಸುತ್ತದೆ. ನಮ್ಮಲ್ಲಿ ಗಾಳಿ ಜೋರು, ಮಳೆ ಕಡಿಮೆ. ಎರಡಕ್ಕೂ ಹಿಂದಿರುವುದು ಘಟ್ಟ ದಾಟಿ ಬರುವ ಅದೇ ಮುಂಗಾರಿನ ಗಾಳಿ. ಕಂಪನಿಗಳು ಗಾಳಿ ಜೋರಾಗಿರುವ ಜಾಗವನ್ನು ಹುಡುಕಿಕೊಂಡು ಬಂದವು, ಆ ಜಾಗ ಮೊದಲಿನಿಂದಲೂ ಮಳೆನೆರಳಿನಲ್ಲಿತ್ತು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ನುಂಗಿದ ಧಾತು ಈಶ್ವರ ಬರದ ಕಾಲದಲ್ಲಿ ನಮ್ಮ ಜೋಗಿಮಟ್ಟಿ ಗುಡ್ಡದ ಮೇಲೆ ಒಂದು ಫ್ಯಾನೂ ಇರಲಿಲ್ಲ.

ವಿಜ್ಞಾನದ ಮೇಷ್ಟ್ರ ಕೆಲಸ ಇಷ್ಟಕ್ಕೆ ಮುಗಿಯಿತು ಎಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ, ಏಕೆಂದರೆ ಫ್ಯಾನಿನ ಮೇಲೆ ಜನರಿಗಿರುವ ಸಿಟ್ಟು ಮಳೆಯ ವಿಷಯದಿಂದ ಮಾತ್ರ ಹುಟ್ಟಿದ್ದಲ್ಲ. ದನ ಮೇಯುತ್ತಿದ್ದ ಗುಡ್ಡಕ್ಕೆ ಜೆಸಿಬಿ ಹತ್ತಿ ರಸ್ತೆ ಸೀಳಿತು. ಮಳೆಗಾಲದಲ್ಲಿ ಆ ರಸ್ತೆಯ ಮಣ್ಣು ಕೆಳಗಿನ ಹೊಲಗಳಿಗೂ ಕೆರೆಗಳಿಗೂ ಇಳಿಯಿತು. ತಲೆಯ ಮೇಲೆ ತಯಾರಾಗುವ ವಿದ್ಯುತ್ತು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ, ಅದೇ ಗುಡ್ಡದ ಬುಡದಲ್ಲಿರುವ ರೈತ ತನ್ನ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟಿಗಾಗಿ ರಾತ್ರಿ ಎದ್ದು ಕೂರುತ್ತಾನೆ. ಊರಿಗೆ ಇದರಿಂದ ಏನು ಬಂತು, ಪಂಚಾಯಿತಿಗೆ ಎಷ್ಟು ಸಂದಾಯವಾಯಿತು ಎಂಬ ಪ್ರಶ್ನೆಗಳಿಗೆ ಲೆಕ್ಕದ ಉತ್ತರವಿದೆ, ಉತ್ತರ ಕೊಡಬೇಕಾದವರೂ ಇದ್ದಾರೆ. ಆದರೆ ಅರ್ಜಿಯ ಮೊದಲ ಸಾಲಿನಲ್ಲೇ “ಫ್ಯಾನಿನಿಂದ ಮಳೆ ನಿಂತಿರುತ್ತದೆ” ಎಂದು ಬರೆದ ಕೂಡಲೇ, ಎದುರಿಗೆ ಕುಳಿತ ಅಧಿಕಾರಿಗೆ ನಗುವ ಅವಕಾಶ ಸಿಗುತ್ತದೆ. ಮೊದಲ ಸಾಲಿನ ಜೊತೆಗೆ ಉಳಿದ ಸಾಲುಗಳೂ ಬಿದ್ದುಹೋಗುತ್ತವೆ. ಸಾರ್ವಜನಿಕ ವಿಷಯಗಳಲ್ಲಿ ನಮಗಾಗುವ ತಪ್ಪು ತಿಳಿವಳಿಕೆಯ ಬಗ್ಗೆ ನನ್ನ ದೂರು ಇರುವುದು ಇಲ್ಲಿ. ಜನ ದಡ್ಡರೆಂಬುದು ಸುಳ್ಳು. ಅವರ ಸಂಕಟ ಹೆಚ್ಚಿನ ಸಲ ನಿಜವೇ ಆಗಿರುತ್ತದೆ. ಅದಕ್ಕೆ ಕಟ್ಟಿದ ಕಾರಣ ತಪ್ಪಾಗಿ, ನಿಜವಾಗಿ ಹೊಣೆ ಹೊರಬೇಕಾದವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಇದರ ಮಗ್ಗುಲಲ್ಲೇ ಹೊಣೆಯ ಬದಲು ಹೊಗಳಿಕೆ ಹಂಚುವ ಪ್ರಸಂಗವೂ ಇದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ, 30 ಟಿಎಂಸಿ ನೀರು ಹಿಡಿಯಬಲ್ಲ ಜಲಾಶಯ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಆಮೇಲೆ 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹಿರಿಯೂರಿನ ರಸ್ತೆಗಳಲ್ಲಿ ಆಗ ಎದ್ದ ಫ್ಲೆಕ್ಸ್‌ಗಳನ್ನು ನೋಡಿದವರಿಗೆ ‘ಆಧುನಿಕ ಭಗೀರಥ’ರು ಒಬ್ಬರಲ್ಲ, ಪಕ್ಷಕ್ಕೆ ಇಬ್ಬಿಬ್ಬರಂತೆ ಕಂಡಿರಬೇಕು. ಬಾಗಿನ ಅರ್ಪಿಸಿದವರ ಕಾಲ್ಗುಣ ಎಂದವರೂ ಇದ್ದರು.

ನೀರು ಬಂದ ದಾರಿಯನ್ನು ಹಿಡಿದು ಹೊರಟರೆ ಕಥೆ ಬೇರೆಯಾಗುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲಿ ವಾಡಿಕೆಯನ್ನು ಮೀರಿ ಮಳೆಯಾಯಿತು, ಮರುವರ್ಷದ ಮುಂಗಾರೂ ಕೈಕೊಡಲಿಲ್ಲ. ಕಡೂರು, ಹೊಸದುರ್ಗದ ಕಡೆಯ ಹಳ್ಳಗಳೆಲ್ಲ ಹರಿದು ವೇದಾವತಿಗೆ ಸೇರಿದವು. ಜೊತೆಗೆ 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮೇಲೆತ್ತಿದ ನೀರು ಅಜ್ಜಂಪುರದ ಸುರಂಗ ದಾಟಿ ಇದೇ ಕಣಿವೆಗೆ ಬರುತ್ತಿದೆ. ಜನವರಿ ಮಳೆಗಾಲವಲ್ಲ, ಆ ತಿಂಗಳು ಕೋಡಿ ಬಿತ್ತೆಂದರೆ, ಹಿಂಗಾರು ತುಂಬಿಸಿಟ್ಟ ಜಲಾಶಯದ ಕೊನೆಯ ಅಡಿಗಳಲ್ಲಿ ಪಂಪಿನ ನೀರಿನ ಪಾಲಿದೆ ಎಂಬುದು ಸ್ಪಷ್ಟ. ಹಾಗಾದರೆ ಶ್ರೇಯಸ್ಸು ಯಾರಿಗೆ? ಮಳೆಗೆ ಎಷ್ಟು, ಪಂಪಿಗೆ ಎಷ್ಟು ಎಂದು ಪಾಲು ಹಾಕಬೇಕು. ಪಂಪಿನ ಪಾಲನ್ನೂ ಒಂದು ಸರ್ಕಾರಕ್ಕೆ ಕಟ್ಟಲಾಗುವುದಿಲ್ಲ. ಹಲವು ಸರ್ಕಾರಗಳು ಬಂದುಹೋದ ಅವಧಿಯಲ್ಲಿ ಎಳೆದಾಡಿಕೊಂಡು ಬಂದ ಯೋಜನೆ ಅದು. ಇಷ್ಟು ಲೆಕ್ಕ ಫ್ಲೆಕ್ಸ್‌ನಲ್ಲಿ ಹಿಡಿಸುವುದಿಲ್ಲ. ಹಿಡಿಸದಿದ್ದುದರ ಪರಿಣಾಮವೇನೆಂದರೆ, 2023-24ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ ಘೋಷಿಸಿದ 5,300 ಕೋಟಿ ರೂಪಾಯಿ ಏನಾಯಿತು, ಮೊಳಕಾಲ್ಮೂರಿನ ಕಡೆಯ ಕಾಲುವೆ ಯಾವಾಗ ಎಂದು ಕೇಳಬೇಕಾದ ಜನ, ಕೋಡಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಮನೆಗೆ ಹೋದರು.

ಕಾಲ್ಗುಣದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ, ಹೊಸ ಸರ್ಕಾರ ಬಂತು ಬರ ತಂತು ಎಂದವರು ನಮ್ಮ ಓಣಿಯಲ್ಲೇ ಇದ್ದರು. ಆ ವರ್ಷ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೋ ಇತ್ತು, ಅಂದರೆ ಅಲ್ಲಿನ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯೇರಿತ್ತು; ಹಾಗಾದಾಗ ನಮ್ಮ ಮುಂಗಾರು ಹೆಚ್ಚಿನ ಸಲ ಸೊರಗುತ್ತದೆ. ಇಡೀ ದೇಶಕ್ಕೆ ಆ ಆಗಸ್ಟ್ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ವಿಧಾನಸೌಧದಲ್ಲಿ ಯಾರು ಕುಳಿತಿದ್ದಾರೆಂದು ಪೆಸಿಫಿಕ್ ಸಾಗರ ವಿಚಾರಿಸುವುದಿಲ್ಲ. ಬರ ಬಂದದ್ದಕ್ಕೆ ಸರ್ಕಾರ ಕಾರಣವಲ್ಲ. ಬರ ಬಂದ ಮೇಲೆ ಮೇವು, ಟ್ಯಾಂಕರ್ ನೀರು, ಬೆಳೆ ಪರಿಹಾರಗಳು ತಡವಾದರೆ ಅದಕ್ಕೆ ಸರ್ಕಾರವೇ ಕಾರಣ. ಮೊದಲನೆಯದಕ್ಕೆ ಬೈದು ಎರಡನೆಯದನ್ನು ಮರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ.

ಅರ್ಥಶಾಸ್ತ್ರದ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ಮೆಕ್ಕೆಜೋಳ. ದಾವಣಗೆರೆಯ ಸೀಮೆಯಲ್ಲಿ ಅದು ಬರೀ ಬೆಳೆಯಲ್ಲ, ಮನೆಯ ವರ್ಷದ ಹಣೆಬರಹ. 2025ರ ನವೆಂಬರಿನಲ್ಲಿ ಧಾರಣೆ ಕ್ವಿಂಟಲ್‌ಗೆ 2,000 ರೂಪಾಯಿಗಿಂತ ಕೆಳಗಿಳಿದ ದಿನಗಳಲ್ಲಿ, ನನ್ನ ಸೋದರಮಾವನ ಮಗನ ಜೊತೆ ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಹೋಗಿದ್ದೆ. ಖರೀದಿದಾರ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಉಳಿದದ್ದನ್ನು ತೇವಾಂಶದ ಮೀಟರಿಗೆ ಹಾಕಿದ. ಇರಬೇಕಾದದ್ದು 14, ಮೀಟರು ತೋರಿಸಿದ್ದು 18. ಆ ನಾಲ್ಕು ಅಂಕಿಗೆ ದರದಲ್ಲಿ ಮತ್ತೆ ಕಡಿತ. ನನ್ನ ಭಾವಮೈದುನ ಸುಮ್ಮನಿದ್ದು ಆಮೇಲೆ ಕೇಳಿದ: “ಬಾವ, ಬೆಂಬಲ ಬೆಲೆ 2,400 ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಆ ದುಡ್ಡು ತಿಂದವರು ಯಾರು?”

ಅದನ್ನು ಯಾರೂ ತಿಂದಿರಲಿಲ್ಲ. ಆ ದುಡ್ಡು ಹೊರಟೇ ಇರಲಿಲ್ಲ. ಕೇಂದ್ರ ಸರ್ಕಾರ ಇಪ್ಪತ್ತೆರಡು ಬೆಳೆಗಳಿಗೆ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ, ಆದರೆ ಆ ಬೆಲೆಗಿಂತ ಕಡಿಮೆಗೆ ಕೊಳ್ಳಬಾರದೆಂದು ವ್ಯಾಪಾರಿಯನ್ನು ಕಟ್ಟಿಹಾಕುವ ಕಾನೂನಿಲ್ಲ. ಸರ್ಕಾರವೇ ಕೊಂಡಾಗ ಮಾತ್ರ ಆ ಬೆಲೆಗೆ ಜೀವ ಬರುತ್ತದೆ. ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು ಪಡಿತರಕ್ಕೆ ಬೇಕಾದ ಅಕ್ಕಿ, ಗೋಧಿಯನ್ನು. ನಮ್ಮ ರಾಜ್ಯದಲ್ಲಿ ರಾಗಿ ಖರೀದಿ ಕೇಂದ್ರ ತೆರೆಯುವುದೂ ರಾಗಿಯನ್ನು ಪಡಿತರದಲ್ಲಿ ಕೊಡುವುದರಿಂದ. ಮೆಕ್ಕೆಜೋಳ ಹೋಗುವುದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥೆನಾಲ್ ಘಟಕಕ್ಕೆ. ನ್ಯಾಯಬೆಲೆ ಅಂಗಡಿಯಲ್ಲಿ ಅದನ್ನು ಕೇಳುವವರಿಲ್ಲ. ಎಥೆನಾಲ್ ಬೇಡಿಕೆಯಿಂದ ಹಿಂದಿನ ವರ್ಷ ಒಳ್ಳೆಯ ಧಾರಣೆ ಕಂಡ ರೈತರು ಆ ಮುಂಗಾರಿನಲ್ಲಿ ಹೆಚ್ಚು ಬಿತ್ತಿದರು. ಅದೇ ವರ್ಷ ಆಹಾರ ನಿಗಮದ ಗೋದಾಮಿನ ಅಕ್ಕಿಯೂ ಎಥೆನಾಲ್ ಘಟಕಗಳಿಗೆ ಅಗ್ಗದ ದರದಲ್ಲಿ ಸಿಕ್ಕಿತು. ಫಸಲು ಹೆಚ್ಚಿ ಗಿರಾಕಿ ಹಿಂದೆ ಸರಿದಾಗ ಆಗಬೇಕಾದದ್ದೇ ಆಯಿತು. ಇದನ್ನೆಲ್ಲ ಹೇಳಿದ ಮೇಲೆ ಅವನ ಸಿಟ್ಟು ಕಡಿಮೆಯಾಗಲಿಲ್ಲ, ಆಗಬೇಕೆಂದು ನಾನೂ ಬಯಸಿರಲಿಲ್ಲ. ಕೊಳ್ಳುವ ಏರ್ಪಾಡಿಲ್ಲದೆ ಬೆಲೆ ಘೋಷಿಸುವುದೇಕೆ, ಮೆಕ್ಕೆಜೋಳ ಬೆಳೆಯಿರಿ ಎಂದು ಹುರಿದುಂಬಿಸಿದ ಕೈಯೇ ಅಕ್ಕಿಯನ್ನು ಆ ಕಡೆ ತಿರುಗಿಸಿದ್ದೇಕೆ ಎಂದು ಅವನೀಗ ಕೇಳುತ್ತಾನೆ. ಕಳ್ಳ ಯಾರು ಎಂದು ಕೇಳುತ್ತಿದ್ದಾಗ ಅವನಿಗೆ ಈ ಪ್ರಶ್ನೆಗಳು ಕಾಣಿಸಿರಲಿಲ್ಲ.

ಇದೇ ಹೊತ್ತಿಗೆ ಟಿವಿಯಲ್ಲಿ ಚಿಲ್ಲರೆ ಹಣದುಬ್ಬರ ಶೇಕಡಾ 0.25ಕ್ಕೆ ಇಳಿದ ಸುದ್ದಿ ಬಂತು. 2025ರ ಅಕ್ಟೋಬರಿನ ಅಂಕಿ ಅದು. ನೋಡಿದವರೆಲ್ಲ ನಕ್ಕರು: ಬೆಲೆ ಎಲ್ಲಿ ಇಳಿದಿದೆ? ಹಣದುಬ್ಬರದ ದರ ಇಳಿಯುವುದೆಂದರೆ ಬೆಲೆ ಏರುವ ವೇಗ ಇಳಿಯುವುದು. ನೂರಕ್ಕಿದ್ದದ್ದು ಹೋದ ವರ್ಷ 106 ಆಗಿ ಈ ವರ್ಷ 106ರಲ್ಲೇ ನಿಂತರೆ ದರ ಸೊನ್ನೆಯಾಗುತ್ತದೆ, ಜೇಬಿಗೆ ಬಿದ್ದ ಆರು ರೂಪಾಯಿಯ ತೂತು ಹಾಗೆಯೇ ಇರುತ್ತದೆ. ಇನ್ನೊಂದು ಸಂಗತಿಯನ್ನು ಟಿವಿಯವರು ಹೇಳಲಿಲ್ಲ. ಆ ತಿಂಗಳು ದರ ಅಷ್ಟು ಇಳಿಯಲು ಮುಖ್ಯ ಕಾರಣ ಆಹಾರ ಪದಾರ್ಥಗಳ ಬೆಲೆ ವಾಸ್ತವವಾಗಿ ಬಿದ್ದದ್ದು, ಅದರಲ್ಲೂ ತರಕಾರಿ. ಅಂದರೆ ದೆಹಲಿಯಲ್ಲಿ ಸಾಧನೆಯೆಂದು ಓದಿದ ಅಂಕಿಯೊಳಗೆ ನಮ್ಮ ಚಿತ್ರದುರ್ಗದ ಈರುಳ್ಳಿ ಬೆಳೆಗಾರನ ನಷ್ಟವೂ ಸೇರಿಕೊಂಡಿತ್ತು.

ಓದಿದವರು ಇದರಿಂದ ಹೊರಗಿದ್ದಾರೆಂದು ಭಾವಿಸಬೇಡಿ. 2016ರಲ್ಲಿ 2,000 ರೂಪಾಯಿಯ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬುದನ್ನು ನನಗೆ ಮೊದಲು ತಿಳಿಸಿದವರು ಡಬಲ್ ಡಿಗ್ರಿ ಮಾಡಿದವರು. ಅದು ಹಳೆಯ ಮಾತಾಯಿತು. ಈಗ ನಮ್ಮ ಸ್ಟಾಫ್ ರೂಮಿನಲ್ಲಿ ದಿನವೂ ಕೇಳಿಬರುವುದು “ನಮ್ಮ ತೆರಿಗೆ ದುಡ್ಡಿನಲ್ಲಿ ಅವರಿಗೆ ಬಿಟ್ಟಿ ಬಸ್ಸು, ಎರಡು ಸಾವಿರ” ಎಂಬ ರಾಗ. ಸಂಬಳದಲ್ಲಿ ಮುರಿದುಕೊಳ್ಳುವ ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ. ಹಂಚಿಕೆಯ ಮೊತ್ತದಲ್ಲಿ ಶೇಕಡಾ 41 ಎಲ್ಲ ರಾಜ್ಯಗಳಿಗೆ ಸೇರಿ ಬರುತ್ತದೆ, ಅದರಲ್ಲಿ ಕರ್ನಾಟಕದ ಪಾಲನ್ನು 15ನೆಯ ಹಣಕಾಸು ಆಯೋಗ 2021-26ರ ಅವಧಿಗೆ ಶೇಕಡಾ 4.713ರಿಂದ 3.647ಕ್ಕೆ ಇಳಿಸಿತ್ತು, ಸೆಸ್ಸು, ಸರ್‌ಚಾರ್ಜುಗಳಂತೂ ಹಂಚಿಕೆಗೇ ಬರುವುದಿಲ್ಲ. ರಾಜ್ಯದ ಬೊಕ್ಕಸವನ್ನು ಹೆಚ್ಚಾಗಿ ತುಂಬುವುದು ಜಿಎಸ್‌ಟಿ, ಮದ್ಯದ ಅಬಕಾರಿ ಸುಂಕ, ಪೆಟ್ರೋಲು-ಡೀಸೆಲ್ಲಿನ ಮಾರಾಟ ತೆರಿಗೆ, ನೋಂದಣಿ ಶುಲ್ಕ, ವಾಹನ ತೆರಿಗೆ. ಬಸ್ಸಿನಲ್ಲಿ ಆಧಾರ್ ತೋರಿಸಿ ಕುಳಿತ ಹೆಂಗಸು ಸೋಪಿಗೂ ಮೊಬೈಲ್ ರೀಚಾರ್ಜಿಗೂ ಜಿಎಸ್‌ಟಿ ಕಟ್ಟಿಯೇ ಕುಳಿತಿರುತ್ತಾಳೆ. ಸಂಜೆ ಅವಳ ಗಂಡ ಬಾರಿನಲ್ಲಿ ಕಟ್ಟುವ ತೆರಿಗೆಯ ಪ್ರಮಾಣವನ್ನು ನಮ್ಮ ಸ್ಲ್ಯಾಬುಗಳ ಜೊತೆ ಹೋಲಿಸಿದರೆ ನಾವು ಬಾಯಿ ಮುಚ್ಚಬೇಕಾಗುತ್ತದೆ.

ಗ್ಯಾರಂಟಿ ಯೋಜನೆಗಳು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಅದೇ ದುಡ್ಡಿನಲ್ಲಿ ರಸ್ತೆ, ಶಾಲೆ, ನೀರಾವರಿ ಆಗಬಹುದಿತ್ತಲ್ಲವೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ, ಅದನ್ನು ನಾನೂ ಕೇಳುತ್ತೇನೆ. 2024-25ರಲ್ಲಿ 3.71 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ. ಅದು ಸಣ್ಣ ಮೊತ್ತವಲ್ಲ. ಆದರೆ ಸರ್ಕಾರಿ ನೌಕರರ ವೇತನ ಮತ್ತು ಪಿಂಚಣಿಗೆ ಹೋಗುವುದು ಅದಕ್ಕಿಂತ ಹೆಚ್ಚು, ಸಾಲದ ಬಡ್ಡಿ ಅದರ ಹೊರಗೆ. ಚರ್ಚೆ ಮಾಡುವುದಿದ್ದರೆ ಎಲ್ಲ ಅಂಕಿಗಳನ್ನೂ ಮೇಜಿನ ಮೇಲಿಟ್ಟುಕೊಂಡು ಮಾಡೋಣ ಎಂದು ಹಣಕಾಸು ಇಲಾಖೆಯ ಜಾಲತಾಣದಿಂದ ಬಜೆಟ್ಟಿನ ಸಂಕ್ಷಿಪ್ತ ವಿವರವನ್ನು ಮುದ್ರಿಸಿ ಸ್ಟಾಫ್ ರೂಮಿಗೆ ತಂದಿಟ್ಟಿದ್ದೇನೆ. ಸದ್ಯಕ್ಕೆ ಎಲ್ಲರೂ ಗ್ಯಾರಂಟಿಯ ಪುಟವನ್ನಷ್ಟೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದಾರೆ. ವೇತನದ ಪುಟಕ್ಕೆ ಇನ್ನೂ ಯಾರ ಕೈಯೂ ಹೋಗಿಲ್ಲ.